ಕ್ವೇಸಾರ್ ಎಷ್ಟು ದೂರ? ಅದರ ಬೆಳಕಿನ ಏರಿಳಿತವನ್ನೇ ಕೇಳೋಣ

ಇದು ಗದಗಿನಲ್ಲಿ ಕಾಲೇಜು ಮಕ್ಕಳು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸ. ಹುಬ್ಬಳ್ಳಿ, ಹಾವೇರಿ ಕಡೆಯಿಂದ ಬರಲು ಆಗದ ಕೆಲವರು ಬರೆದು ಕೊಡಿ ಎಂದು ಕೇಳಿದ್ದರು. ಮಾತಾಡಿದ ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಕನ್ಯಾ ರಾಶಿಯಲ್ಲಿ ಒಂದು ಚುಕ್ಕೆ ಇದೆ. ಅದರ ಹೆಸರು 3ಸಿ 273. ಇದು ಒಂದು ಕ್ವೇಸಾರ್, ಅಂದರೆ ನಕ್ಷತ್ರದಂತೆ ಕಾಣುವ, ಆದರೆ ಬಹಳ ದೂರದ ಒಂದು ಗ್ಯಾಲಕ್ಸಿಯ ಬೆಳಗುವ ನಡುಭಾಗ. ಟೆಲಿಸ್ಕೋಪಿನಲ್ಲಿ ನೋಡಿದರೆ ಸುಮ್ನೆ ಒಂದು ನಕ್ಷತ್ರದ ಹಾಗೇ ಕಾಣುತ್ತದೆ. ಪಕ್ಕದಲ್ಲಿರುವ ಚುಕ್ಕೆಗಳಿಗೂ ಇದಕ್ಕೂ ಕಣ್ಣಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಪಕ್ಕದವು ನಮ್ಮ ಹಾಲುಹಾದಿಯ ನಕ್ಷತ್ರಗಳು. ಇದರ ಬೆಳಕು ಮಾತ್ರ ನಮ್ಮನ್ನು ಮುಟ್ಟಲು ಸುಮಾರು 200 ಕೋಟಿ ವರ್ಷ ತೆಗೆದುಕೊಂಡಿದೆ. ಇಂಥ ಸಂಖ್ಯೆ ಹೇಳಿದ ಕೂಡಲೇ ನಾವು ತಲೆಯಾಡಿಸಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಇವತ್ತು ಹಾಗೆ ಮಾಡುವುದು ಬೇಡ. ಈ 200 ಕೋಟಿ ಎಲ್ಲಿಂದ ಬಂತು, ಯಾರು ಅಳೆದರು, ಯಾವುದನ್ನು ಹಿಡಿದು ಅಳೆದರು, ನಾವೇ ಲೆಕ್ಕ ಹಾಕಿ ನೋಡಬಹುದಾ ಎಂದು ಕೇಳೋಣ.

ಮೊದಲು ಕಷ್ಟ ಏನು ಎಂದು ತಿಳಿಯಬೇಕು. ಗದಗಿನಿಂದ ಮುಂಡರಗಿ ಕಡೆ ರಾತ್ರಿ ಹೋಗುವಾಗ ಕಪ್ಪತಗುಡ್ಡದ ಸಾಲಿನಲ್ಲಿ ವಿಂಡ್‌ಮಿಲ್‌ಗಳ ಮೇಲಿನ ಕೆಂಪು ದೀಪ ನೋಡಿರುತ್ತೀರಿ. ಬರೀ ದೀಪ ನೋಡಿ ಅದು ಎಷ್ಟು ದೂರ ಇದೆ ಎಂದು ಹೇಳಲು ಆಗುವುದಿಲ್ಲ. ದೊಡ್ಡ ದೀಪ ದೂರ ಇದೆಯೋ, ಸಣ್ಣ ದೀಪ ಹತ್ತಿರ ಇದೆಯೋ, ಕತ್ತಲಲ್ಲಿ ಎರಡೂ ಒಂದೇ. ದೀಪದ ನಿಜವಾದ ಶಕ್ತಿ ಎಷ್ಟು ಎಂದು ಯಾರಾದರೂ ಹೇಳಿದರೆ ದೂರ ಲೆಕ್ಕ ಹಾಕಬಹುದು. ಇಲ್ಲಾ ಹಗಲಲ್ಲಿ ಬಂದು ನೋಡಿದಾಗ ಅದರ ರೆಕ್ಕೆಯ ನಿಜವಾದ ಉದ್ದ ಗೊತ್ತಿದ್ದರೆ, ಅದು ಕಣ್ಣಿಗೆ ಎಷ್ಟು ಸಣ್ಣದಾಗಿ ಕಾಣುತ್ತದೆ ಎನ್ನುವುದರಿಂದ ದೂರ ಲೆಕ್ಕ ಹಾಕಬಹುದು. ನಿಜವಾದ ಶಕ್ತಿ ಗೊತ್ತಿರಬೇಕು, ಇಲ್ಲವೇ ನಿಜವಾದ ಅಳತೆ ಗೊತ್ತಿರಬೇಕು. ಮುಖ್ಯ ದಾರಿ ಈ ಎರಡು. ಕ್ವೇಸಾರ್ ವಿಷಯದಲ್ಲಿ ಎರಡೂ ಗೊತ್ತಿರಲಿಲ್ಲ.

1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ಟೆಲಿಸ್ಕೋಪಿನಲ್ಲಿ ಸಿರಿಲ್ ಹಜಾರ್ಡ್ ಮತ್ತು ಜೊತೆಗಾರರು ಒಂದು ಚಂದದ ಕೆಲಸ ಮಾಡಿದರು. 3ಸಿ 273ರಿಂದ ಬರುವ ರೇಡಿಯೊ ಅಲೆಗಳಿಗೆ ಚಂದ್ರ ಅಡ್ಡ ಬರುವ ಕ್ಷಣವನ್ನು ಕಾದು ಹಿಡಿದರು. ಚಂದ್ರನ ಅಂಚು ಆ ಹೊತ್ತಿಗೆ ಎಲ್ಲಿರುತ್ತದೆ ಎಂದು ಚೆನ್ನಾಗಿ ಗೊತ್ತಿರುವುದರಿಂದ, ಅಲೆ ಯಾವ ಕ್ಷಣ ನಿಂತಿತು, ಯಾವ ಕ್ಷಣ ಮತ್ತೆ ಬಂತು ಎಂದು ನೋಡಿದರೆ ಜಾಗ ಕರಾರುವಾಕ್ಕಾಗಿ ಸಿಗುತ್ತದೆ. ಆ ಜಾಗದಲ್ಲಿ ಒಂದು ನಕ್ಷತ್ರದಂಥ ಚುಕ್ಕೆ ಇತ್ತು. ಪಾಲೊಮಾರ್‌ನ 200 ಇಂಚಿನ ಟೆಲಿಸ್ಕೋಪಿನಲ್ಲಿ ಮಾರ್ಟೆನ್ ಶ್ಮಿಟ್ ಅದರ ಬೆಳಕನ್ನು ಬಿಡಿಸಿ ನೋಡಿದರು. ಹಾಗೆ ಬಿಡಿಸಿದ ಬಣ್ಣದ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ಕಂಡ ಗೆರೆಗಳು ಯಾವ ಮೂಲವಸ್ತುವಿನವು ಎಂದೇ ಮೊದಲು ತಿಳಿಯಲಿಲ್ಲ. 1963ರ ಫೆಬ್ರವರಿಯಲ್ಲಿ ಅವರಿಗೆ ಹೊಳೆಯಿತು: ಇವು ನಮಗೆ ಚೆನ್ನಾಗಿ ಗೊತ್ತಿರುವ ಹೈಡ್ರೋಜನ್ ಗೆರೆಗಳೇ, ಆದರೆ ಎಲ್ಲವೂ ಕೆಂಪಿನ ಕಡೆಗೆ ಶೇಕಡಾ 15.8ರಷ್ಟು ಸರಿದಿವೆ. 486 ನ್ಯಾನೋಮೀಟರ್‌ನಲ್ಲಿ ಇರಬೇಕಾದ ಗೆರೆ 563ರಲ್ಲಿ ಕೂತಿತ್ತು.

ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗ್ಯಾಲಕ್ಸಿಗಳ ಬೆಳಕು ಹೀಗೆ ಕೆಂಪಿಗೆ ಸರಿಯುತ್ತದೆ. ಇದಕ್ಕೆ ರೆಡ್‌ಶಿಫ್ಟ್ ಎನ್ನುತ್ತೇವೆ. ಸರಿದದ್ದು ಜಾಸ್ತಿ ಇದ್ದರೆ ದೂರವೂ ಜಾಸ್ತಿ. ಹಾಗಾದರೆ ಮುಗಿಯಿತಲ್ಲ, ದೂರ ಸಿಕ್ಕಿತಲ್ಲ ಎಂದು ನೀವು ಕೇಳಬಹುದು. ಮುಗಿಯಲಿಲ್ಲ. ಆ ರೆಡ್‌ಶಿಫ್ಟ್ ನಂಬಿದರೆ ಈ ಚುಕ್ಕೆ ನಮ್ಮ ಇಡೀ ಹಾಲುಹಾದಿಗಿಂತ ನೂರು ಪಟ್ಟಿನಷ್ಟು ಬೆಳಗುತ್ತಿರಬೇಕು. ಅದಾದರೂ ಇರಲಿ. ಅದೇ ವರ್ಷ ಹಾರ್ಲನ್ ಸ್ಮಿತ್ ಮತ್ತು ಡಾರಿಟ್ ಹಾಫ್ಲೈಟ್ ಇಬ್ಬರೂ ಹಾರ್ವರ್ಡಿನ ಹಳೆಯ ಗಾಜಿನ ಫೋಟೋ ತಟ್ಟೆಗಳನ್ನು ಹೊರತೆಗೆದರು. 19ನೇ ಶತಮಾನದ ಕೊನೆಯಿಂದ ಆಕಾಶದ ಚಿತ್ರಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದರು. ಆ ತಟ್ಟೆಗಳಲ್ಲಿ ಈ ಚುಕ್ಕೆಯೂ ಇತ್ತು, ಯಾರೂ ಗಮನಿಸಿರಲಿಲ್ಲ ಅಷ್ಟೇ. ಸಾಲಾಗಿ ಇಟ್ಟು ನೋಡಿದರೆ ಅದರ ಬೆಳಕು ಹೆಚ್ಚುಕಡಿಮೆ ಆಗುತ್ತಲೇ ಇತ್ತು, ವರ್ಷಗಳಲ್ಲಿ ಮಾತ್ರ ಅಲ್ಲ, ಕೆಲವೊಮ್ಮೆ ತಿಂಗಳುಗಳಲ್ಲೇ.

ಇದು ಯಾಕೆ ದೊಡ್ಡ ಸುದ್ದಿ? ಒಂದು ವಸ್ತು ಒಂದು ಜ್ಯೋತಿರ್ವರ್ಷ, ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು, ಅಗಲ ಇದೆ ಎಂದುಕೊಳ್ಳಿ. ಅದು ಇಡಿಯಾಗಿ ಒಂದೇ ಕ್ಷಣಕ್ಕೆ ಬೆಳಗಿದರೂ, ನಮ್ಮ ಕಡೆಗಿನ ಭಾಗದ ಬೆಳಕು ಮೊದಲು ಬರುತ್ತದೆ, ಹಿಂದಿನ ಭಾಗದ್ದು ಒಂದು ವರ್ಷ ತಡವಾಗಿ ಬರುತ್ತದೆ. ನಮಗೆ ಕಾಣುವುದು ಒಂದು ವರ್ಷ ಎಳೆದಾಡಿದ ನಿಧಾನದ ಏರಿಕೆ. ತಿಂಗಳೊಳಗೆ ಬೆಳಕು ಬದಲಾಗುತ್ತಿದೆ ಎಂದರೆ ಆ ಬೆಳಕು ಹುಟ್ಟುವ ಜಾಗ ಒಂದು ಜ್ಯೋತಿರ್ಮಾಸಕ್ಕಿಂತ ದೊಡ್ಡದಾಗಿರಲು ಆಗುವುದಿಲ್ಲ. ನಮ್ಮ ಹಾಲುಹಾದಿ ಅಡ್ಡಕ್ಕೆ 1 ಲಕ್ಷ ಜ್ಯೋತಿರ್ವರ್ಷ. ಅಂಥ ನೂರು ಗ್ಯಾಲಕ್ಸಿಗಳ ಬೆಳಕು ಇಷ್ಟು ಇಕ್ಕಟ್ಟಾದ ಜಾಗದಿಂದ ಬರುತ್ತದೆ ಎಂದರೆ ಯಾರಿಗೆ ತಾನೇ ನಂಬಿಕೆ ಬರುತ್ತದೆ?

ಅದಕ್ಕೇ ಅನುಮಾನ ಬಂತು. ದೂರವೇ ತಪ್ಪಿರಬೇಕು, ಇವು ಹತ್ತಿರದವೇ, ರೆಡ್‌ಶಿಫ್ಟ್ ಬೇರೆ ಯಾವುದೋ ಕಾರಣದಿಂದ ಬಂದಿದೆ ಎಂದು ದೊಡ್ಡ ದೊಡ್ಡವರೇ ವಾದಿಸಿದರು. ಫ್ರೆಡ್ ಹಾಯ್ಲ್, ಜೆಫ್ರಿ ಬರ್ಬಿಡ್ಜ್, ಹಾಲ್ಟನ್ ಆರ್ಪ್ ಆ ಸಾಲಿನವರು. ನಮ್ಮ ಪಕ್ಕದ ಕೊಲ್ಲಾಪುರದಲ್ಲಿ ಹುಟ್ಟಿದ ಜಯಂತ್ ನಾರ್ಳೀಕರ್ ಕೂಡ ಈ ಬೇರೆ ದಾರಿಯನ್ನು ಗಂಭೀರವಾಗಿ ಪರಿಶೀಲಿಸಿದರು. ಅವರನ್ನು ಹಟಮಾರಿಗಳು ಎಂದು ಬದಿಗೆ ತಳ್ಳುವುದು ನನಗೆ ಒಪ್ಪಿಗೆ ಇಲ್ಲ. ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಆ ಪ್ರಶ್ನೆ ಇದ್ದುದರಿಂದಲೇ ಉಳಿದವರು ಗಟ್ಟಿ ಸಾಕ್ಷಿ ಹುಡುಕಬೇಕಾಯಿತು.

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇದು: ಯಾವ ಏರಿಳಿತ ದೂರದ ಬಗ್ಗೆ ಅನುಮಾನ ಹುಟ್ಟಿಸಿತೋ, ಅದೇ ಏರಿಳಿತ ಈಗ ದೂರ ಅಳೆಯುವ ಸಾಧನ ಆಗಿದೆ. ಬೆಳಕಿನ ವೇಗ ನಮಗೆ ಗೊತ್ತು, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಎಲ್ಲೇ ಎರಡು ಘಟನೆಗಳ ನಡುವಿನ ಸಮಯ ಅಳೆಯಲು ಆದರೆ, ಅಲ್ಲಿ ಉದ್ದವೂ ಸಿಕ್ಕಿತು. ಸದಾ ಒಂದೇ ಸಮನೆ ಬೆಳಗುವ ವಸ್ತುವಿನಲ್ಲಿ ಘಟನೆ ಅನ್ನುವುದೇ ಇಲ್ಲ. ಕ್ವೇಸಾರ್ ಏರಿಳಿಯುತ್ತದೆ, ಆದ್ದರಿಂದ ಅದರ ಬೆಳಕಿನಲ್ಲಿ ಗುರುತು ಹಾಕಬಹುದಾದ ಕ್ಷಣಗಳು ಇರುತ್ತವೆ.

ಈಗ ಒಳಗೆ ಹೋಗೋಣ. ಕ್ವೇಸಾರ್ ನಡುವೆ ಒಂದು ಭಾರೀ ಕಪ್ಪುರಂಧ್ರ. ಅದರ ಸುತ್ತ ಒಳಗೆ ಬೀಳುತ್ತಿರುವ ಅನಿಲ ತಟ್ಟೆಯ ಹಾಗೆ ಸುತ್ತುತ್ತಾ ಕಾದು ಬೆಳಗುತ್ತದೆ. ಬಹುಪಾಲು ಬೆಳಕು ಈ ತಟ್ಟೆಯದು. ಇನ್ನೂ ಸ್ವಲ್ಪ ಹೊರಗೆ ಅನಿಲದ ಮೋಡಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತವೆ. ತಟ್ಟೆಯ ಬೆಳಕು ಇವುಗಳ ಮೇಲೆ ಬಿದ್ದಾಗ ಇವು ತಮ್ಮದೇ ಬಣ್ಣದ ಗೆರೆಗಳಲ್ಲಿ ಬೆಳಗುತ್ತವೆ. ಶ್ಮಿಟ್ ನೋಡಿದ್ದು ಈ ಹೈಡ್ರೋಜನ್ ಗೆರೆಗಳನ್ನೇ.

ತಟ್ಟೆಯ ಬೆಳಕು ಇದ್ದಕ್ಕಿದ್ದ ಹಾಗೆ ಹೆಚ್ಚಿದರೆ ಏನಾಗುತ್ತದೆ? ಆ ಬೆಳಕು ನೇರವಾಗಿ ನಮ್ಮತ್ತ ಹೊರಟಿರುತ್ತದೆ. ಅದೇ ಬೆಳಕು ಮೋಡಗಳತ್ತವೂ ಹೋಗುತ್ತದೆ, ಅಲ್ಲಿಗೆ ಮುಟ್ಟಲು ಸಮಯ ಬೇಕು, ಮುಟ್ಟಿದ ಮೇಲೆ ಗೆರೆಗಳು ಹೆಚ್ಚು ಬೆಳಗುತ್ತವೆ, ಆಮೇಲೆ ಆ ಬೆಳಕು ನಮ್ಮ ಕಡೆ ಬರುತ್ತದೆ. ಹಾಗಾಗಿ ನಮಗೆ ಮೊದಲು ತಟ್ಟೆ ಬೆಳಗಿದ್ದು ಕಾಣುತ್ತದೆ, ತಡವಾಗಿ ಗೆರೆ ಬೆಳಗಿದ್ದು ಕಾಣುತ್ತದೆ. ನಮ್ಮ ಕಡೆಗಿರುವ ಮೋಡಗಳ ತಡ ಕಡಿಮೆ, ಹಿಂದಿರುವವುಗಳ ತಡ ಜಾಸ್ತಿ, ಸರಾಸರಿ ತೆಗೆದರೆ ಮೋಡಗಳು ನಡುವಿನಿಂದ ಎಷ್ಟು ದೂರ ಇವೆ ಎನ್ನುವುದೇ ಸಿಗುತ್ತದೆ. 20 ದಿನ ತಡ ಎಂದರೆ 20 ಜ್ಯೋತಿರ್ದಿನ. 1982ರಲ್ಲಿ ರೋಜರ್ ಬ್ಲಾಂಡ್‌ಫರ್ಡ್ ಮತ್ತು ಕ್ರಿಸ್ಟೋಫರ್ ಮೆಕೀ ಈ ವಿಧಾನವನ್ನು ಲೆಕ್ಕದ ರೂಪಕ್ಕೆ ತಂದು ರಿವರ್ಬರೇಶನ್ ಮ್ಯಾಪಿಂಗ್ ಎಂದು ಹೆಸರಿಟ್ಟರು. 1980ರ ದಶಕದ ಕೊನೆಯಿಂದ ಎನ್‌ಜಿಸಿ 5548 ಎಂಬ, ನಡುಭಾಗ ಹೀಗೇ ಬೆಳಗುವ ಹತ್ತಿರದ ಗ್ಯಾಲಕ್ಸಿಯನ್ನು ಹತ್ತಾರು ಟೆಲಿಸ್ಕೋಪುಗಳು ಸೇರಿ ವರ್ಷಗಟ್ಟಲೆ ನೋಡಿ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದವು. ಅಲ್ಲಿ ಮೊದಲ ವರ್ಷ ಸಿಕ್ಕ ತಡ ಹೆಚ್ಚುಕಡಿಮೆ 20 ದಿನವೇ.

ನಮ್ಮ 3ಸಿ 273ಕ್ಕೆ ಬರೋಣ. ಇದು ದೊಡ್ಡದು, ಆದ್ದರಿಂದ ತಡವೂ ದೊಡ್ಡದು, ಒಂದೆರಡು ತಿಂಗಳು ನೋಡಿ ಎದ್ದು ಹೋಗುವ ಕೆಲಸ ಅಲ್ಲ. ಅಮೆರಿಕದ ಅರಿಜೋನಾದ 2.3 ಮೀಟರ್ ಟೆಲಿಸ್ಕೋಪು ಮತ್ತು ಚೀನಾದ ಲಿಜಿಯಾಂಗಿನ 2.4 ಮೀಟರ್ ಟೆಲಿಸ್ಕೋಪು ಎರಡರ ದಾಖಲೆಗಳನ್ನು ಸೇರಿಸಿ, 2008ರಿಂದ 2018ರವರೆಗಿನ ಏರಿಳಿತವನ್ನು ಒಟ್ಟಿಗೆ ಇಟ್ಟು ನೋಡಿದರು. ತಟ್ಟೆಯ ಬೆಳಕಿನ ನಕ್ಷೆ ಒಂದು, ಹೈಡ್ರೋಜನ್ ಗೆರೆಯ ನಕ್ಷೆ ಒಂದು. ಎರಡನೆಯದನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ಸುಮಾರು 170 ದಿನ ಸರಿಸಿದಾಗ ಏರು ಏರಿಗೆ, ಇಳಿತ ಇಳಿತಕ್ಕೆ ಕೂಡಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಡಿ. ವಿಶ್ವ ಹಿಗ್ಗುವಾಗ ಬೆಳಕಿನ ಅಲೆ ಮಾತ್ರ ಉದ್ದ ಆಗುವುದಿಲ್ಲ, ಎರಡು ಘಟನೆಗಳ ನಡುವಿನ ಸಮಯವೂ ಅಷ್ಟೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಅಲ್ಲಿ ಒಂದು ದಿನ ಇಲ್ಲಿ 1.158 ದಿನ. ಹಾಗಾಗಿ 170ನ್ನು 1.158ರಿಂದ ಭಾಗಿಸಬೇಕು, ಆಗ 147 ದಿನ ಬರುತ್ತದೆ. ಕ್ವೇಸಾರ್‌ಗಳ ಏರಿಳಿತದಲ್ಲಿ ಈ ಸಮಯದ ಹಿಗ್ಗು ನಿಜವಾಗಿ ಕಾಣುತ್ತದಾ ಎನ್ನುವುದು ಬಹಳ ಕಾಲ ತಕರಾರಿನ ವಿಷಯವಾಗಿತ್ತು. 2010ರಲ್ಲಿ ಕೂಡ ಕಾಣುವುದಿಲ್ಲ ಎಂಬ ಫಲಿತಾಂಶ ಪ್ರಕಟವಾಗಿತ್ತು. 2023ರಲ್ಲಿ ಜೆರೆಂಟ್ ಲೂಯಿಸ್ ಮತ್ತು ಬ್ರೆಂಡನ್ ಬ್ರೂವರ್ 190 ಕ್ವೇಸಾರ್‌ಗಳ ಎರಡು ದಶಕದ ದಾಖಲೆ ಇಟ್ಟುಕೊಂಡು ಕಾಣುತ್ತದೆ ಎಂದು ತೋರಿಸಿದರು. ಇವು ದೂರದವೇ ಎನ್ನುವುದಕ್ಕೆ ಅದೂ ಒಂದು ಸಾಕ್ಷಿ. ಹತ್ತಿರದ ವಸ್ತುಗಳಾಗಿದ್ದರೆ ಹೀಗೆ ಸಮಯ ಹಿಗ್ಗಬೇಕಾದ ಕಾರಣವೇ ಇರಲಿಲ್ಲ.

ಸರಿ, ಮೋಡಗಳ ನಿಜವಾದ ಅಳತೆ ಸಿಕ್ಕಿತು. ಅಂದರೆ ವಿಂಡ್‌ಮಿಲ್ ರೆಕ್ಕೆಯ ಉದ್ದ ಕೈಗೆ ಬಂತು. ಇನ್ನು ಅದು ಕಣ್ಣಿಗೆ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂದು ತಿಳಿಯಬೇಕು. ಇದು ಬಹಳ ಕಾಲ ಆಗದ ಮಾತಾಗಿತ್ತು. 2018ರಲ್ಲಿ ಆಯಿತು. ಚಿಲಿ ದೇಶದ ಪಾರನಾಲ್ ಬೆಟ್ಟದ ಮೇಲೆ 8.2 ಮೀಟರಿನ ನಾಲ್ಕು ಟೆಲಿಸ್ಕೋಪುಗಳಿವೆ. ಗ್ರ್ಯಾವಿಟಿ ಎಂಬ ಉಪಕರಣ ನಾಲ್ಕರ ಬೆಳಕನ್ನೂ ಒಂದೇ ಕಡೆ ತಂದು ಬೆರೆಸುತ್ತದೆ, ಆಗ ಅವು ನಾಲ್ಕೂ ಸೇರಿ 130 ಮೀಟರ್ ಅಗಲದ ಒಂದು ಟೆಲಿಸ್ಕೋಪಿನಷ್ಟು ಸೂಕ್ಷ್ಮವಾಗಿ ನೋಡುತ್ತವೆ. ಅದು 3ಸಿ 273ರ ಮೋಡಗಳ ಫೋಟೋ ತೆಗೆಯಲಿಲ್ಲ. ಮೋಡಗಳು ಸುತ್ತುತ್ತಿರುವುದರಿಂದ ಒಂದು ಕಡೆಯವು ನಮ್ಮತ್ತ ಬರುತ್ತಿರುತ್ತವೆ, ಅವುಗಳ ಬೆಳಕು ನೀಲಿ ಕಡೆಗೆ ಸರಿದಿರುತ್ತದೆ, ಇನ್ನೊಂದು ಕಡೆಯವು ನಮ್ಮಿಂದ ದೂರ ಹೋಗುತ್ತಿರುತ್ತವೆ, ಅವುಗಳದ್ದು ಕೆಂಪು ಕಡೆಗೆ. ನೀಲಿ ಪಾಲು ಬರುವ ಜಾಗಕ್ಕೂ ಕೆಂಪು ಪಾಲು ಬರುವ ಜಾಗಕ್ಕೂ ಎಷ್ಟು ಅಂತರ ಎಂದು ಅಳೆದರು. ಅದರಿಂದ ಮೋಡಗಳ ಸುತ್ತಿನ ತ್ರಿಜ್ಯ ಆಕಾಶದಲ್ಲಿ ಎಷ್ಟು ಕೋನ ಎಂದು ಸಿಕ್ಕಿತು: 46 ಮೈಕ್ರೋ ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3,600 ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ 10 ಲಕ್ಷ ಪಾಲು ಮಾಡಿದರೆ, ಅಂಥ 46.

ಉಪನ್ಯಾಸದಲ್ಲಿ ಇಲ್ಲಿಗೆ ಬಂದಾಗ ಬಿಎಸ್‌ಸಿ ಓದುವ ಒಬ್ಬ ಹುಡುಗಿಯನ್ನು ಹಲಗೆ ಹತ್ತಿರ ಕರೆದೆ. ಎಲ್ಲರೂ ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆದರು. ನೀವೂ ತೆಗೆಯಿರಿ. 147 ದಿನವನ್ನು 365ರಿಂದ ಭಾಗಿಸಿದರೆ 0.4 ಜ್ಯೋತಿರ್ವರ್ಷ. ಕೋನವನ್ನು ಉದ್ದಕ್ಕೆ ಹೊಂದಿಸುವ ಸಂಖ್ಯೆ 2,06,265, ಒಂದು ರೇಡಿಯನ್‌ನಲ್ಲಿ ಅಷ್ಟು ಆರ್ಕ್‌ಸೆಕೆಂಡ್ ಇರುತ್ತವೆ. 0.4ನ್ನು 2,06,265ರಿಂದ ಗುಣಿಸಿ, 0.000046ರಿಂದ ಭಾಗಿಸಿ. ಅವಳು ಉತ್ತರವನ್ನು ಹಲಗೆ ಮೇಲೆ ಬರೆದಳು: 179 ಕೋಟಿ ಜ್ಯೋತಿರ್ವರ್ಷ. ಸೊನ್ನೆ ಎಣಿಸುವಾಗ ಹಿಂದಿನ ಸಾಲಿನಿಂದ ಒಂದಿಬ್ಬರು ತಿದ್ದಿದರು, ಆಮೇಲೆ ಎಲ್ಲರ ಮೊಬೈಲಿನಲ್ಲೂ ಅದೇ ಬಂತು.

2020ರಲ್ಲಿ ಜಿಯಾನ್ ಮಿನ್ ವಾಂಗ್ ಮತ್ತು ಜೊತೆಗಾರರು ಎರಡೂ ಅಳತೆಗಳನ್ನು ಒಂದೇ ಲೆಕ್ಕದಲ್ಲಿ ಹಾಕಿ ಸರಿಯಾದ ಕ್ರಮದಲ್ಲಿ ಮಾಡಿದಾಗ ಬಂದದ್ದು 551.5 ಮೆಗಾಪಾರ್ಸೆಕ್, ಅಂದರೆ 180 ಕೋಟಿ ಜ್ಯೋತಿರ್ವರ್ಷ. ಆ ಕಡೆ ಈ ಕಡೆ ಶೇಕಡಾ 16ರಷ್ಟು ಹೆಚ್ಚುಕಡಿಮೆ ಇರಬಹುದು. ನಮ್ಮ ಹಲಗೆ ಲೆಕ್ಕಕ್ಕೂ ಅದಕ್ಕೂ ಇಷ್ಟು ಹೊಂದಿಕೆ ಆಗುವುದಕ್ಕೆ ಕಾರಣ ಆ ಲೆಕ್ಕದ ತಿರುಳು ಇದೇ ಎನ್ನುವುದು, ಅವರ ಕಷ್ಟ ಎಲ್ಲಾ ಮೋಡಗಳು ಹೇಗೆ ಹರಡಿವೆ ಮತ್ತು ತಪ್ಪು ಎಷ್ಟಿರಬಹುದು ಎನ್ನುವುದರಲ್ಲಿದೆ.

ಈ ಅಳತೆ ನನಗೆ ಯಾಕೆ ಇಷ್ಟೊಂದು ಇಷ್ಟ ಎಂದು ಹೇಳಲೇಬೇಕು. ಸಾಮಾನ್ಯವಾಗಿ ಗ್ಯಾಲಕ್ಸಿಗಳ ದೂರ ಹೇಳುವಾಗ ಮೊದಲು ಹತ್ತಿರದ ನಕ್ಷತ್ರಗಳ ದೂರ, ಅದರ ಮೇಲೆ ಕ್ರಮವಾಗಿ ಏರಿಳಿಯುವ ಸೆಫೀಡ್ ನಕ್ಷತ್ರಗಳ ದೂರ, ಅದರ ಮೇಲೆ ಸಿಡಿಯುವ ನಕ್ಷತ್ರಗಳಾದ ಸೂಪರ್‌ನೋವಾಗಳ ದೂರ, ಹೀಗೆ ಒಂದರ ಮೇಲೆ ಒಂದು ನಿಲ್ಲಿಸಿಕೊಂಡು ಹೋಗುತ್ತಾರೆ. ಕೆಳಗೆ ಆದ ತಪ್ಪು ಮೇಲಿನವರೆಗೂ ಬರುತ್ತದೆ. ಇಲ್ಲಿ ಅದು ಯಾವುದೂ ಬೇಕಿಲ್ಲ. ಒಂದು ಗಡಿಯಾರ, ಒಂದು ಕೋನ, ಹೈಸ್ಕೂಲಿನ ರೇಖಾಗಣಿತ. ಇದೇ ಬಗೆಯಲ್ಲಿ 2014ರಲ್ಲಿ ಎನ್‌ಜಿಸಿ 4151 ಎಂಬ ಗ್ಯಾಲಕ್ಸಿಯ ದೂರವನ್ನೂ ಅಳೆದಿದ್ದರು. ಅಲ್ಲಿ ಮೋಡದ ಬದಲು ಬಿಸಿ ಧೂಳಿನ ಉಂಗುರ ಬಳಸಿದರು. ಅದಕ್ಕಿಂತ ಮುಂಚೆ ಆ ಗ್ಯಾಲಕ್ಸಿಯ ದೂರ 4 ಮೆಗಾಪಾರ್ಸೆಕ್ ಎಂದು ಒಬ್ಬರು, 29 ಎಂದು ಇನ್ನೊಬ್ಬರು ಹೇಳುತ್ತಿದ್ದರು. ಧೂಳಿನ ಉಂಗುರ 19 ಎಂದಿತು.

ಎಲ್ಲ ಕ್ವೇಸಾರ್‌ಗಳಿಗೂ ಕೋನ ಅಳೆಯಲು ಆಗುವುದಿಲ್ಲ, ಅವು ತುಂಬಾ ಸಣ್ಣ. ಆಗ ಇನ್ನೊಂದು ದಾರಿ ಇದೆ. ಗೆರೆ ಬೆಳಗುವ ಮೋಡಗಳು ಎಲ್ಲೆಂದರಲ್ಲಿ ಇರುವುದಿಲ್ಲ, ತಟ್ಟೆಯ ಬೆಳಕು ಒಂದು ಹದಕ್ಕೆ ಬೀಳುವ ಕಡೆಯೇ ಅವು ಚೆನ್ನಾಗಿ ಬೆಳಗುತ್ತವೆ. ತಟ್ಟೆ ನಾಲ್ಕು ಪಟ್ಟು ಬೆಳಗಿದರೆ ಆ ಹದದ ಜಾಗ ಎರಡು ಪಟ್ಟು ದೂರ ಹೋಗುತ್ತದೆ. ಹತ್ತಿರದ ಗ್ಯಾಲಕ್ಸಿಗಳಲ್ಲಿ ಅಳೆದು ನೋಡಿದಾಗಲೂ ಸಂಬಂಧ ಹೆಚ್ಚುಕಡಿಮೆ ಹಾಗೇ ಬಂತು. ಅಂದರೆ ತಡ ಗೊತ್ತಾದರೆ ನಿಜವಾದ ಶಕ್ತಿ ಗೊತ್ತಾಯಿತು, ಅದನ್ನು ನಮಗೆ ಕಾಣುವ ಬೆಳಕಿನ ಜೊತೆ ಹೋಲಿಸಿದರೆ ದೂರ. 2011ರಲ್ಲಿ ಡ್ಯಾರಕ್ ವಾಟ್ಸನ್ ಮತ್ತು ಜೊತೆಗಾರರು 38 ಗ್ಯಾಲಕ್ಸಿಗಳಲ್ಲಿ ಇದನ್ನು ಮಾಡಿ ತೋರಿಸಿದರು. ಆಸೆ ಹುಟ್ಟಿಸುವ ವಿಧಾನ, ಆದರೆ ಕಪ್ಪುರಂಧ್ರ ತೀರಾ ಜೋರಾಗಿ ಅನಿಲ ನುಂಗುತ್ತಿದ್ದರೆ ತಡ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಬಹಳ ದೂರದ, ಬಹಳ ಪ್ರಖರವಾದ ಕ್ವೇಸಾರ್‌ಗಳಲ್ಲಿ ತಡವೇ ವರ್ಷಗಟ್ಟಲೆ. ಅದರ ಮೇಲೆ ಸಮಯದ ಹಿಗ್ಗು ಬೇರೆ.

ಪ್ರಖರವಾದ ಕ್ವೇಸಾರ್ ಕಡಿಮೆ ಏರಿಳಿಯುತ್ತದೆ, ಮಂಕಾದದ್ದು ಜಾಸ್ತಿ ಏರಿಳಿಯುತ್ತದೆ ಎನ್ನುವ ಒಂದು ಒಲವೂ ಇದೆ. ಅಷ್ಟನ್ನೇ ಹಿಡಿದು ದೂರ ಹೇಳಬಹುದು ಎನ್ನುವವರಿದ್ದಾರೆ. ಗುಂಪಿನ ಮಟ್ಟಿಗೆ ಆ ಮಾತು ನಿಜ. ಒಂದೊಂದೇ ಕ್ವೇಸಾರ್ ತೆಗೆದುಕೊಂಡರೆ ಚೆದುರುವಿಕೆ ತುಂಬಾ ಜಾಸ್ತಿ, ನಾನಂತೂ ಅದರ ಮೇಲೆ ಭಾರ ಹಾಕುವುದಿಲ್ಲ.

ಇನ್ನೊಂದು ವಿಧಾನ ಮಾತ್ರ ಬಿಡುವ ಹಾಗಿಲ್ಲ. 1964ರಲ್ಲಿ ನಾರ್ವೆಯ ಸೂರ್ ರೆಫ್ಸ್‌ಡಾಲ್ ಎಂಬ ಯುವಕ ಒಂದು ಮಾತು ಹೇಳಿದರು. ದೂರದ ಬೆಳಕಿನ ದಾರಿಯಲ್ಲಿ ಒಂದು ಗ್ಯಾಲಕ್ಸಿ ಅಡ್ಡ ಇದ್ದರೆ ಅದರ ಗುರುತ್ವ ಬೆಳಕನ್ನು ಬಾಗಿಸುತ್ತದೆ, ನಮಗೆ ಒಂದೇ ವಸ್ತು ಎರಡಾಗಿ ಕಾಣಬಹುದು. ಎರಡು ಬಿಂಬದ ಬೆಳಕು ಎರಡು ದಾರಿಯಲ್ಲಿ ಬರುತ್ತದೆ, ಆದ್ದರಿಂದ ಒಂದು ಬೇಗ, ಒಂದು ತಡ. ಮೂಲ ವಸ್ತು ಏರಿಳಿಯುವಂಥದ್ದಾಗಿದ್ದರೆ ಆ ತಡವನ್ನು ಅಳೆಯಬಹುದು, ತಡ ಸಿಕ್ಕರೆ ದೂರದ ಲೆಕ್ಕ ಸಿಗುತ್ತದೆ. ಆಗ ಅಂಥ ಒಂದು ಜೋಡಿಯನ್ನೂ ಯಾರೂ ಕಂಡಿರಲಿಲ್ಲ. 1979ರಲ್ಲಿ ಸಿಕ್ಕಿತು. ಕ್ಯೂ 0957+561. ಆರು ಆರ್ಕ್‌ಸೆಕೆಂಡ್ ಅಂತರದಲ್ಲಿ ಎರಡು ಚುಕ್ಕೆ, ಎರಡರ ರೋಹಿತವೂ ಒಂದೇ, ರೆಡ್‌ಶಿಫ್ಟ್ 1.41. ಅಡ್ಡ ಇರುವ ಗ್ಯಾಲಕ್ಸಿಯ ರೆಡ್‌ಶಿಫ್ಟ್ 0.36. ಕ್ವೇಸಾರ್ ಆ ಗ್ಯಾಲಕ್ಸಿಯ ಹಿಂದೆ ಇದ್ದರೆ ಮಾತ್ರ ಇದು ಸಾಧ್ಯ. ಇವು ಹತ್ತಿರದವು ಎನ್ನುವ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೀಳಲಿಲ್ಲ.

ಆದರೆ ತಡ ಎಷ್ಟು? ಇಲ್ಲಿ ದೊಡ್ಡ ಜಗಳವೇ ಆಯಿತು. ಒಂದು ಗುಂಪು ಸುಮಾರು 415 ದಿನ ಎಂದಿತು. ಇನ್ನೊಂದು 536 ಎಂದಿತು. ಎರಡೂ ಕಡೆ ಇದ್ದದ್ದು ಅವೇ ದಾಖಲೆಗಳು. ವರ್ಷದಲ್ಲಿ ಕೆಲವು ತಿಂಗಳು ಆ ಕ್ವೇಸಾರ್ ಸೂರ್ಯನ ಕಡೆಗೆ ಹೋಗಿಬಿಡುತ್ತದೆ, ಆಗ ದಾಖಲೆಯಲ್ಲಿ ತೂತು ಬೀಳುತ್ತದೆ, ಆ ತೂತಿನಲ್ಲಿ ಏನಾಗಿರಬಹುದು ಎಂದು ಊಹಿಸುವ ರೀತಿ ಬೇರೆ ಬೇರೆ. 1994ರ ಡಿಸೆಂಬರ್‌ನಲ್ಲಿ ಮೊದಲು ಬರುವ ಬಿಂಬದ ಬೆಳಕು ತಟಕ್ಕನೆ ಇಳಿಯಿತು. ತೋಮಿಸ್ಲಾವ್ ಕುಂಡಿಚ್ ಮತ್ತು ಜೊತೆಗಾರರು ಅದನ್ನು ಹಿಡಿದರು, ಮುಂದೆ ಏನಾಗಬೇಕು ಎಂದು ಮುಂಚೆಯೇ ಪ್ರಕಟಿಸಿದರು: 415 ಸರಿಯಾದರೆ ಎರಡನೇ ಬಿಂಬ 1996ರ ಫೆಬ್ರವರಿ ಹೊತ್ತಿಗೆ ಇಳಿಯಬೇಕು, 536 ಸರಿಯಾದರೆ ಬೇಸಿಗೆಯವರೆಗೆ ಕಾಯಬೇಕು. 1996ರ ಫೆಬ್ರವರಿಯಲ್ಲೇ ಇಳಿಯಿತು. 417 ದಿನ, ಮೂರು ದಿನ ಆಚೆ ಈಚೆ. ಹತ್ತು ವರ್ಷದ ವಾದ ಹೀಗೆ ಮುಗಿಯಿತು. ಮುಂಚೆ ಹೇಳಿ, ಕಾದು, ಕಂಡು ತೋರಿಸುವುದು: ವಿಜ್ಞಾನದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಈ ಕಾಯುವ ಕೆಲಸದಲ್ಲಿ ನಮ್ಮವರ ಪಾಲೂ ಇದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಕಾಸ್ಮೋಗ್ರೇಲ್ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಹೀಗೆ ಜೋಡಿಯಾಗಿ ಕಾಣುವ ಕ್ವೇಸಾರ್‌ಗಳನ್ನು ಅದು ವರ್ಷಗಟ್ಟಲೆ ನೋಡಿದೆ. 2013ರಲ್ಲಿ ಪ್ರಕಟವಾದ ಒಂದು ಜೋಡಿಯ ತಡ 119 ದಿನ, ಅದರ ದಾಖಲೆಯಲ್ಲಿ ಹಾನ್ಲೆಯ ರಾತ್ರಿಗಳೂ ಸೇರಿವೆ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ ಚೆನ್ನಾಗಿ ಬಂದವು. ನಿವೃತ್ತ ಮಾಸ್ತರೊಬ್ಬರು ಎದ್ದು, "ಸರ, ಪುಸ್ತಕದಾಗ 240 ಕೋಟಿ ಜ್ಯೋತಿರ್ವರ್ಷ ಅಂತ ಓದೇನ್ರಿ. ನೀವು ಶುರುಕ 200 ಅಂದ್ರಿ, ಈಗ ಹಲಗಿ ಮ್ಯಾಲೆ 180 ಬರದ್ರಿ. ಯಾವುದು ಖರೇರಿ?" ಎಂದು ಕೇಳಿದರು. ಮೂರೂ ಖರೆ, ಗುರುಗಳೇ. ವಿಶ್ವ ಹಿಗ್ಗುತ್ತಿರುವುದರಿಂದ ದೂರ ಎನ್ನುವುದಕ್ಕೆ ಒಂದೇ ಅರ್ಥ ಉಳಿಯುವುದಿಲ್ಲ. ಕೋನದಿಂದ ಅಳೆದರೆ ಬೆಳಕು ಹೊರಟಾಗ ಅದು ಎಷ್ಟು ದೂರ ಇತ್ತೋ ಅದು ಬರುತ್ತದೆ, ಅದು 180. ಬೆಳಕು ದಾರಿಯಲ್ಲಿ ಕಳೆದ ಸಮಯ 200 ಕೋಟಿ ವರ್ಷ. ಎಷ್ಟು ಮಂಕಾಗಿ ಕಾಣುತ್ತದೆ ಎನ್ನುವುದರಿಂದ ಅಳೆದರೆ ಜಾಸ್ತಿ ಬರುತ್ತದೆ, ಯಾಕೆಂದರೆ ಹಿಗ್ಗುವಿಕೆ ಬೆಳಕನ್ನು ಇನ್ನಷ್ಟು ಮಂಕು ಮಾಡಿರುತ್ತದೆ. ಇವೆರಡನ್ನು ಹೊಂದಿಸುವ ಲೆಕ್ಕ ಸುಲಭ: 180ನ್ನು 1.158ರಿಂದ ಎರಡು ಸಲ ಗುಣಿಸಿ. 241 ಬರುತ್ತದೆ. ಮಾಸ್ತರು ಅಲ್ಲೇ ಕಾಗದದ ಮೇಲೆ ಗುಣಿಸಿ ನೋಡಿ, "ಬರೋಬ್ಬರಿ ಐತ್ರಿ" ಎಂದರು.

"ಇಷ್ಟೆಲ್ಲಾ ಅಳದ ಮ್ಯಾಲೂ ಶೇಕಡಾ 16 ತಪ್ಪು ಇಟಗೊಂಡ್ರ ಏನ ಉಪಯೋಗರಿ?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ ತಮ್ಮಾ. ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆ ಎನ್ನುವುದರ ಬಗ್ಗೆ ಈಗ ಒಂದು ಭಿನ್ನಾಭಿಪ್ರಾಯ ಇದೆ. ವಿಶ್ವದ ಎಳೆಯ ಕಾಲದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹ 67.4 ಎನ್ನುತ್ತದೆ, ಸೂಪರ್‌ನೋವಾ ಹಿಡಿದು ಬಂದವರು 73ರ ಹತ್ತಿರ ಎನ್ನುತ್ತಾರೆ. ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಇದರ ಅರ್ಥ. ಅಡ್ಡ ಬಂದ ಗ್ಯಾಲಕ್ಸಿಯಿಂದ ಎರಡು ಅಥವಾ ನಾಲ್ಕು ಬಿಂಬವಾಗಿ ಕಾಣುವ ಆರು ಕ್ವೇಸಾರ್‌ಗಳ ತಡದಿಂದ ಹೋಲಿಕೌ ಎಂಬ ಸಂಶೋಧಕರ ತಂಡಕ್ಕೆ 73.3 ಬಂತು. ಮುಂದೆ 2020ರಲ್ಲಿ, ಅಡ್ಡ ಇರುವ ಗ್ಯಾಲಕ್ಸಿಯಲ್ಲಿ ತೂಕ ಹೇಗೆ ಹಂಚಿದೆ ಎನ್ನುವ ಊಹೆಯನ್ನು ಸಡಿಲ ಮಾಡಿ ನೋಡಿದಾಗ ಶೇಕಡಾ 2ರಷ್ಟಿದ್ದ ಅನಿಶ್ಚಿತತೆ 8ಕ್ಕೆ ಏರಿತು. ಅಂದರೆ ಜಗಳ ಬಿಡಿಸಲು ತಡ ಅಳೆಯುವುದಷ್ಟೇ ಸಾಲದು, ನಡುವಿನ ಗ್ಯಾಲಕ್ಸಿಯನ್ನೂ ಚೆನ್ನಾಗಿ ತೂಗಬೇಕು. ಅದಕ್ಕೇ ಕೋನ ಮತ್ತು ಗಡಿಯಾರದ ವಿಧಾನ ಬೇಕು, ಅದಕ್ಕೆ ನಡುವೆ ಯಾವ ಗ್ಯಾಲಕ್ಸಿಯೂ ಬೇಕಿಲ್ಲ. ಅದರಲ್ಲೂ ಕೊರತೆ ಇಲ್ಲ ಎನ್ನುವ ಹಾಗಿಲ್ಲ: 3ಸಿ 273ರಲ್ಲಿ ತಡ ಅಳೆದದ್ದು ಹೈಡ್ರೋಜನ್‌ನ ಒಂದು ಗೆರೆಯಲ್ಲಿ, ಕೋನ ಅಳೆದದ್ದು ಇನ್ನೊಂದು ಗೆರೆಯಲ್ಲಿ, ಎರಡೂ ಒಂದೇ ಮೋಡದಿಂದ ಬರುತ್ತವೆ ಎಂದು ಒಪ್ಪಿಕೊಂಡಿದ್ದಾರೆ. ಒಂದು ಕ್ವೇಸಾರ್‌ಗೆ ಶೇಕಡಾ 16, ಆದರೆ ಇಂಥ ಹತ್ತಾರು ಅಳತೆಗಳು ಸೇರಿದರೆ ಸರಾಸರಿ ಬಿಗಿಯಾಗುತ್ತಾ ಹೋಗುತ್ತದೆ.

ಕೊನೆಯ ಪ್ರಶ್ನೆ ಹಲಗೆ ಮೇಲೆ ಲೆಕ್ಕ ಬರೆದ ಆ ಹುಡುಗಿಯದೇ. "ಸರ, ನಮ್ಮ ಊರಾಗಿಂದ ಇದನ್ನ ನೋಡಾಕ ಆಗತೈತೇನ್ರಿ?" ಆಗುತ್ತದೆ ತಂಗಿ, ಖಂಡಿತ ಆಗುತ್ತದೆ. ಅದರ ಕಾಂತಿಮಾನ 13ರ ಆಸುಪಾಸು, ಈ ಸಂಖ್ಯೆ ದೊಡ್ಡದಾದಷ್ಟು ಚುಕ್ಕೆ ಮಂಕು. ಬರಿಗಣ್ಣಿಗೆ ಕಾಣುವುದಿಲ್ಲ, 8 ಇಂಚಿನ ಟೆಲಿಸ್ಕೋಪು ಮತ್ತು ಕತ್ತಲಾದ ಜಾಗ ಬೇಕು. ಹುಬ್ಬಳ್ಳಿ ನಡುವೆ ಕಷ್ಟ, ಊರಿನ ದೀಪ ಬಿಟ್ಟು ಹೊಲದ ಕಡೆ ಹೋಗಿ. ಮಾರ್ಚ್‌ನಿಂದ ಮೇವರೆಗೆ, ಮಳೆ ಶುರುವಾಗುವ ಮುಂಚೆ, ಅಮಾವಾಸ್ಯೆ ಆಸುಪಾಸಿನ ರಾತ್ರಿಗಳು ಒಳ್ಳೆಯವು. ಏಪ್ರಿಲ್ ನಡುವೆ ರಾತ್ರಿ 11 ದಾಟಿದ ಮೇಲೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ, ಸ್ವಲ್ಪ ದಕ್ಷಿಣಕ್ಕೆ. ರೈತರು ಚಿತ್ತಿ ಮಳೆ ಎನ್ನುತ್ತಾರಲ್ಲ, ಆ ಚಿತ್ತಾ ನಕ್ಷತ್ರ ಇರುವುದು ಇದೇ ಕನ್ಯಾ ರಾಶಿಯಲ್ಲಿ. ಅಲ್ಲಿಂದ ವಾಯುವ್ಯಕ್ಕೆ ಹೋದರೆ ಪೊರಿಮಾ ಎಂಬ ನಕ್ಷತ್ರ ಸಿಗುತ್ತದೆ, ಅದರಿಂದ ಇನ್ನೂ ಸುಮಾರು 5 ಡಿಗ್ರಿ ವಾಯುವ್ಯಕ್ಕೆ 3ಸಿ 273. ಬದಲಾಗುವ ನಕ್ಷತ್ರಗಳನ್ನು ನೋಡುವ ಹವ್ಯಾಸಿಗಳ ಅಮೆರಿಕದ ಸಂಘ ಎಎವಿಎಸ್‌ಒ ಇದಕ್ಕೆ ನಕ್ಷೆ ಕೊಡುತ್ತದೆ, ಪಕ್ಕದ ಯಾವ ನಕ್ಷತ್ರದ ಕಾಂತಿ ಎಷ್ಟು ಎಂದು ಅದರಲ್ಲೇ ಬರೆದಿರುತ್ತದೆ. ಕ್ಯಾಮೆರಾ ಹಾಕಿ ಒಂದೊಂದು ನಿಮಿಷದ ಚಿತ್ರ ತೆಗೆಯಿರಿ, ಪಕ್ಕದ ಎರಡು ಸ್ಥಿರ ನಕ್ಷತ್ರಗಳ ಜೊತೆ ಹೋಲಿಸಿ, ತಾರೀಕು ಮತ್ತು ಹೊತ್ತು ತಪ್ಪದೆ ಬರೆದಿಡಿ. ಒಂದು ರಾತ್ರಿಯಲ್ಲಿ ಏನೂ ಬದಲಾವಣೆ ಕಾಣುವುದಿಲ್ಲ. ನೀನು ಪಾಸಾಗಿ ಹೋದ ಮೇಲೆ ನಿನ್ನ ನಂತರದ ಬ್ಯಾಚಿನವರು ಅದೇ ವಹಿಯಲ್ಲಿ ಮುಂದುವರಿಸಬೇಕು, ಆಗ ಏರಿಳಿತ ಕಾಣುತ್ತದೆ. ಕಾಲೇಜಿನಲ್ಲಿ ಟೆಲಿಸ್ಕೋಪು ಇದ್ದು ಬೀರುವಿನಲ್ಲಿ ಕೂತಿದ್ದರೆ ಹೇಳಿ, ಧಾರವಾಡವಾಗಲಿ ಹಾವೇರಿಯಾಗಲಿ, ನಾನು ಬಂದು ಮೊದಲ ರಾತ್ರಿ ನಿಮ್ಮ ಜೊತೆ ಕೂರುತ್ತೇನೆ.